‘ಕೆಮಿಸ್ಟ್ರಿ ವೇಸ್ಟ್ ಮಗಾ’ ಅನ್ನೋರಿಗೆ ಒಂಬತ್ತು ಕ್ಯಾಪ್ಶನ್

ಭಾಗ 1/9 🧠

ಫೋನು ಒಂದೇ, ಹೆಬ್ಬೆರಳೂ ಒಂದೇ. ಬೆಳಿಗ್ಗೆ ‘ಬ್ರೈನ್ ಚಿಪ್ ಬಂತು ಗುರು, ಇನ್ಮೇಲೆ ಯೋಚನೆ ಮಾಡಿದ್ರೆ ಸಾಕು ಟೈಪ್ ಆಗುತ್ತೆ’ ಅಂತ ರೀಲ್ ಶೇರ್ ಮಾಡ್ತೀರ, ಬೆಂಕಿ ಇಮೋಜಿ ಸಮೇತ. ಸಂಜೆ ಅದೇ ಹೆಬ್ಬೆರಳಲ್ಲಿ ಜೂನಿಯರ್‌ಗೆ ರಿಪ್ಲೈ ಹಾಕ್ತೀರ: ‘ಕೆಮಿಸ್ಟ್ರಿ, ಮೆಟೀರಿಯಲ್ಸ್, ಪಾಲಿಮರ್ ಎಲ್ಲ ವೇಸ್ಟ್ ಮಗಾ. ಸಿಎಸ್ ಸಿಗ್ಲಿಲ್ಲ ಅಂದ್ರೆ ಒಂದು ವರ್ಷ ಡ್ರಾಪ್ ಮಾಡು.’

ಈ ಎರಡು ಮಾತು ಒಂದೇ ಬಾಯಲ್ಲಿ ಬರೋಕಾಗಲ್ಲ ಕಣ್ರೋ. ಯಾಕಂದ್ರೆ ಆ ರೀಲ್‌ನಲ್ಲಿ ನೀವು ನೋಡಿ ಬಾಯಿ ಬಿಟ್ಟ ಚಿಪ್, ಮಿದುಳಿನ ಕೋಶವನ್ನ ಮುಟ್ಟೋ ಜಾಗದಲ್ಲಿ ಸಿಲಿಕಾನ್ ಅಲ್ಲವೇ ಅಲ್ಲ. ನ್ಯೂರಾಲಿಂಕ್ ಕಂಪನಿ 2019ರಲ್ಲಿ ಪ್ರಕಟಿಸಿದ ತಮ್ಮದೇ ಪೇಪರ್ ತೆಗೆದು ನೋಡಿ. 96 ದಾರ, ಅದರ ಮೇಲೆ 3,072 ಎಲೆಕ್ಟ್ರೋಡ್. ದಾರ ಮಾಡಿರೋದು ಪಾಲಿಇಮೈಡ್ ಅನ್ನೋ ಪಾಲಿಮರ್‌ನಿಂದ. ಪ್ರತಿ ಎಲೆಕ್ಟ್ರೋಡ್ ಮೇಲೆ ಲೇಪಿಸಿ ಪರೀಕ್ಷಿಸಿದ ಎರಡು ವಸ್ತುಗಳಲ್ಲಿ ಒಂದು ಇರಿಡಿಯಂ ಆಕ್ಸೈಡ್, ಇನ್ನೊಂದು ಪೆಡಾಟ್-ಪಿಎಸ್‌ಎಸ್. ಅದು ವಿದ್ಯುತ್ ಹರಿಸೋ ಪ್ಲಾಸ್ಟಿಕ್.

ನೀವು ‘ವೇಸ್ಟ್’ ಅಂದ ಸಬ್ಜೆಕ್ಟ್ ತೆಗೆದುಬಿಟ್ರೆ ಆ ಚಿಪ್‌ಗೆ ಮಿದುಳಿನ ಮಾತು ಸರಿಯಾಗಿ ಕೇಳಿಸಲ್ಲ. ಇದು ನನ್ನ ವಾದ. ಇನ್ನು ಎಂಟು ಭಾಗದಲ್ಲಿ ಸಾಬೀತು ಮಾಡ್ತೀನಿ. ಒಪ್ಪದೇ ಇರೋರು ಪೂರ್ತಿ ಓದಿ, ಆಮೇಲೆ ಕಾಮೆಂಟಲ್ಲಿ ಬನ್ನಿ.

——

ಭಾಗ 2/9

ಮೊದಲು ಈ ‘ಮಿದುಳಿನ ಮಾತು’ ಅಂದ್ರೆ ಏನು ಅಂತ ನೋಡೋಣ.

ನ್ಯೂರಾನ್ ಸುಮ್ಮನೆ ಕೂತಿದ್ದಾಗ ಅದರ ಒಳಗೂ ಹೊರಗೂ ಸುಮಾರು 70 ಮಿಲಿವೋಲ್ಟ್ ವ್ಯತ್ಯಾಸ ಇರುತ್ತೆ. ಸಿಗ್ನಲ್ ಹೋಗುವಾಗ ಸೋಡಿಯಂ ಒಳಗೆ ನುಗ್ಗುತ್ತೆ, ಪೊಟ್ಯಾಸಿಯಂ ಹೊರಗೆ ಬರುತ್ತೆ, ಒಂದೆರಡು ಮಿಲಿಸೆಕೆಂಡ್‌ನಲ್ಲಿ ಕಥೆ ಮುಗಿಯುತ್ತೆ. ಇದನ್ನೇ ಸ್ಪೈಕ್ ಅಂತಾರೆ. ಹಾಡ್ಜ್‌ಕಿನ್, ಹಕ್ಸ್‌ಲಿ 1952ರಲ್ಲಿ ಇದರ ಗಣಿತ ಬರೆದರು, 1963ರಲ್ಲಿ ನೊಬೆಲ್ ಬಂತು.

ಕೋಶದ ಒಳಗೆ ಸೂಜಿಯಂಥ ಗಾಜಿನ ನಳಿಕೆ ಹಾಕಿದ್ರೆ ಈ ಸ್ಪೈಕ್ ದೊಡ್ಡದಾಗಿ, ಚೆನ್ನಾಗಿ ಕಾಣುತ್ತೆ. ಆದ್ರೆ ಒಂದು ಸಲಕ್ಕೆ ಒಂದೆರಡು ಕೋಶ ಮಾತ್ರ, ಅದೂ ಕೆಲವೇ ಗಂಟೆ. ಆಮೇಲೆ ಆ ಕೋಶದ ಕಥೆ ಮುಗೀತು. ಒಂದು ಊರಿನ ಮಾತುಕತೆ ಅರ್ಥ ಮಾಡ್ಕೊಳ್ಳೋಕೆ ಒಬ್ಬರನ್ನ ಎಳ್ಕೊಂಡು ಬಂದು ವಿಚಾರಣೆ ಮಾಡಿದ ಹಾಗೆ.

ಅದಕ್ಕೇ ಇನ್ನೊಂದು ದಾರಿ ಬಂತು. ಗಾಜಿನ ತಟ್ಟೆಯ ತಳದಲ್ಲೇ ಪುಟ್ಟ ಪುಟ್ಟ ಎಲೆಕ್ಟ್ರೋಡ್‌ಗಳನ್ನ ಅಚ್ಚು ಹಾಕಿ, ಅದರ ಮೇಲೆ ಕೋಶ ಬೆಳೆಸೋದು. 1972ರಲ್ಲಿ ಹೃದಯದ ಕೋಶದ ಮೇಲೆ ಮಾಡಿದ್ರು. 1980ರಲ್ಲಿ ಜೆರೋಮ್ ಪೈನ್ ಬೆಳೆಸಿದ ನ್ಯೂರಾನ್‌ಗಳಿಂದಲೇ ಹೀಗೆ ಸಿಗ್ನಲ್ ತೆಗೆದ್ರು. ಕೋಶಕ್ಕೆ ಚುಚ್ಚೋ ಹಾಗಿಲ್ಲ, ಸಾಯಿಸೋ ಹಾಗಿಲ್ಲ. 37 ಡಿಗ್ರಿ ಬಿಸಿ, 5% ಕಾರ್ಬನ್ ಡೈಆಕ್ಸೈಡ್, ಸರಿಯಾದ ಆಹಾರ ಕೊಟ್ರೆ ಅದೇ ತಟ್ಟೆಯನ್ನ ವಾರಗಟ್ಟಲೆ ಕೇಳ್ತಾ ಕೂರಬಹುದು.

ಕೇಳಿಸೋದು ಎಷ್ಟು ಅಂತೀರ? ಹೊರಗಿನಿಂದ ಸಿಗೋ ಸ್ಪೈಕ್ ಸಾಮಾನ್ಯವಾಗಿ ಹತ್ತಾರು ಮೈಕ್ರೋವೋಲ್ಟ್, ಅದೃಷ್ಟ ಇದ್ರೆ ನೂರು-ಇನ್ನೂರು. ಪೆನ್‌ಟಾರ್ಚ್ ಸೆಲ್ 1.5 ವೋಲ್ಟ್. ಅದನ್ನ ಮೂವತ್ತು ಸಾವಿರ ಭಾಗ ಮಾಡಿದ್ರೆ ಒಂದು ಭಾಗ 50 ಮೈಕ್ರೋವೋಲ್ಟ್. ಸಂಜೆ ಏಳಕ್ಕೆ ವಿಜಯನಗರ ಬಸ್ ಸ್ಟ್ಯಾಂಡ್‌ನಲ್ಲಿ ಆ ಕಡೆ ಪ್ಲಾಟ್‌ಫಾರ್ಮಿನ ಪಿಸುಮಾತು ಕೇಳಿಸ್ಕೊಂಡಂಗೆ.

——

ಭಾಗ 3/9

ಹಾಗಾದ್ರೆ ಚಿನ್ನದ ಎಲೆಕ್ಟ್ರೋಡ್ ಹಾಕಿದ್ರೆ ಆಯ್ತಲ್ಲ, ಚಿನ್ನಕ್ಕಿಂತ ಒಳ್ಳೇ ತಂತಿ ಯಾವುದಿದೆ ಅಂತ ಕೇಳ್ತೀರ. ಸಮಸ್ಯೆ ಇರೋದೇ ಇಲ್ಲಿ.

ಲೋಹದಲ್ಲಿ ಓಡೋದು ಎಲೆಕ್ಟ್ರಾನ್. ಮಿದುಳಿನಲ್ಲಿ ಓಡೋದು ಅಯಾನ್. ಎರಡೂ ವಿದ್ಯುತ್ತೇ, ಆದ್ರೆ ಚಲಾವಣೆ ಬೇರೆ. ಗಡಿಯಲ್ಲಿ ಯಾರಾದ್ರೂ ಬದಲಾಯಿಸಿ ಕೊಡಬೇಕು. ನಯವಾದ ಲೋಹದ ಮೇಲೆ ಅಯಾನ್ ಬಂದು ಮೇಲ್ಮೈಯಲ್ಲಿ ಮಾತ್ರ ಸಾಲಾಗಿ ನಿಲ್ಲುತ್ತೆ, ಒಳಗೆ ಹೋಗಲ್ಲ. ಎಲೆಕ್ಟ್ರೋಡ್ ದೊಡ್ಡದಿದ್ರೆ ಪರವಾಗಿಲ್ಲ. ಆದ್ರೆ ಒಂದೊಂದೇ ಕೋಶದ ಮಾತು ಬೇಕು ಅಂದ್ರೆ ಎಲೆಕ್ಟ್ರೋಡ್ 10ರಿಂದ 30 ಮೈಕ್ರೋಮೀಟರ್ ಅಗಲ ಇರಬೇಕು. ನಿಮ್ಮ ತಲೆಕೂದಲಿಗಿಂತ ಸಣ್ಣದು. ಸಣ್ಣದಾದಷ್ಟೂ ಮೇಲ್ಮೈ ಕಮ್ಮಿ, ಮೇಲ್ಮೈ ಕಮ್ಮಿಯಾದಷ್ಟೂ ಇಂಪೀಡೆನ್ಸ್ ಜಾಸ್ತಿ, ಇಂಪೀಡೆನ್ಸ್ ಜಾಸ್ತಿಯಾದಷ್ಟೂ ಗದ್ದಲ.

ಈಗ ಸ್ಟೀಲ್ ತಟ್ಟೆ ಮತ್ತು ಇಡ್ಲಿ ನೆನಪಿಸ್ಕೊಳ್ಳಿ. ತಟ್ಟೆ ಮೇಲೆ ಸಾಂಬಾರ್ ಹಾಕಿದ್ರೆ ಮೇಲೆಯೇ ನಿಲ್ಲುತ್ತೆ. ಇಡ್ಲಿ ಮೇಲೆ ಹಾಕಿದ್ರೆ ಒಳಗಿನ ತನಕ ಹೀರ್ಕೊಳ್ಳುತ್ತೆ. ಅಗಲ ಅಷ್ಟೇ ಇದ್ರೂ ಕುಡಿಯೋ ಸಾಂಬಾರ್ ಎಷ್ಟೋ ಪಟ್ಟು. ಪೆಡಾಟ್-ಪಿಎಸ್‌ಎಸ್ ಅನ್ನೋದು ಇಡ್ಲಿ. ಅಯಾನ್‌ಗಳು ಪದರದ ಒಳಕ್ಕೇ ಹೋಗ್ತವೆ, ಎಲೆಕ್ಟ್ರಾನಿನ ಕಡೆಯ ಚಾರ್ಜ್ ಅದೇ ಪದರದ ಪಾಲಿಮರ್ ಸರಪಳಿ ಹಿಡಿದು ಲೋಹಕ್ಕೆ ಇಳಿಯುತ್ತೆ. ಅಗಲ ಹೆಚ್ಚಿಸದೇ ಇಂಪೀಡೆನ್ಸ್ ಹತ್ತು ಪಟ್ಟು, ಕೆಲವೊಮ್ಮೆ ನೂರು ಪಟ್ಟು ಇಳಿಯುತ್ತೆ.

ಗಡಿಯಲ್ಲಿ ನಿಂತು ಎರಡೂ ಭಾಷೆ ಮಾತಾಡೋ ದುಭಾಷಿ ಅದು. ಎರಡೂ ಕಡೆ ರಾಜರಿಗೆ ಹೆಸರು, ದುಭಾಷಿಗೆ ಹೆಸರಿಲ್ಲ. ರೀಲ್‌ನಲ್ಲೂ ಅಷ್ಟೇ.

——

ಭಾಗ 4/9

‘ಕಥೆ ಬೇಡ, ನಂಬರ್ ಕೊಡು’ ಅನ್ನೋರಿಗೆ. ಪಿಯುಸಿ ಗಣಿತ ಸಾಕು, ಕ್ಯಾಲ್ಕುಲೇಟರ್ ತೆಗೀರಿ.

ಯಾವ ರೆಸಿಸ್ಟೆನ್ಸ್ ಇದ್ರೂ ಬಿಸಿಯಿಂದ ತಾನಾಗೇ ಗದ್ದಲ ಹುಟ್ಟುತ್ತೆ. ನಾಲ್ಕು, ಬೋಲ್ಟ್ಸ್‌ಮನ್ ಸ್ಥಿರಾಂಕ, ಕೆಲ್ವಿನ್ ತಾಪ, ರೆಸಿಸ್ಟೆನ್ಸ್, ಬ್ಯಾಂಡ್‌ವಿಡ್ತ್, ಇವಿಷ್ಟನ್ನೂ ಗುಣಿಸಿ ವರ್ಗಮೂಲ ತೆಗೀರಿ. ತಾಪ 300 ಕೆಲ್ವಿನ್, ಬ್ಯಾಂಡ್‌ವಿಡ್ತ್ 10,000 ಹರ್ಟ್ಸ್ ಇಟ್ಕೊಳ್ಳಿ.

10 ಲಕ್ಷ ಓಮ್ ಆದ್ರೆ ಗದ್ದಲ ಸುಮಾರು 13 ಮೈಕ್ರೋವೋಲ್ಟ್.
10 ಸಾವಿರ ಓಮ್ ಆದ್ರೆ ಸುಮಾರು 1.3 ಮೈಕ್ರೋವೋಲ್ಟ್.

ಗದ್ದಲದ ಐದು ಪಟ್ಟು ಮೀರಿದ್ರೆ ಮಾತ್ರ ಸ್ಪೈಕ್ ಅಂತ ಎಣಿಸೋದು ವಾಡಿಕೆ ಅಂದ್ಕೊಳ್ಳಿ. ಮೊದಲನೇ ಎಲೆಕ್ಟ್ರೋಡ್‌ನಲ್ಲಿ ಗೆರೆ 65 ಮೈಕ್ರೋವೋಲ್ಟ್‌ಗೆ ಬೀಳುತ್ತೆ. 40 ಮೈಕ್ರೋವೋಲ್ಟ್ ಮಾತಾಡಿದ ಕೋಶ ಅಲ್ಲಿ ಲೆಕ್ಕಕ್ಕೇ ಇಲ್ಲ. ಅದು ಬದುಕಿದೆ, ಕೂಗ್ತಿದೆ, ನಿಮ್ಮ ಫೈಲ್‌ನಲ್ಲಿ ಇಲ್ಲ. ಎರಡನೇದರಲ್ಲಿ ಆಂಪ್ಲಿಫೈಯರ್ ಗದ್ದಲ, ಅಕ್ಕಪಕ್ಕದ ಕೋಶಗಳ ಗುಜುಗುಜು ಎಲ್ಲ ಸೇರಿಸಿ 5 ಮೈಕ್ರೋವೋಲ್ಟ್ ಅಂದ್ರೂ ಗೆರೆ 25ಕ್ಕೆ ನಿಲ್ಲುತ್ತೆ. ಅದೇ ಕೋಶ ಈಗ ಸಿಕ್ತು.

ಈಗ ಸಿಎಸ್ ಬಂಧುಗಳಿಗೆ. 60 ಎಲೆಕ್ಟ್ರೋಡ್, ಒಂದೊಂದರಿಂದ ಸೆಕೆಂಡಿಗೆ 25,000 ಸ್ಯಾಂಪಲ್. ಒಟ್ಟು ಸೆಕೆಂಡಿಗೆ 15 ಲಕ್ಷ, ಗಂಟೆಗೆ 540 ಕೋಟಿ. ಎರಡೆರಡು ಬೈಟ್ ಲೆಕ್ಕದಲ್ಲಿ ಗಂಟೆಗೆ ಹತ್ತು ಜಿಬಿ ಮೇಲೆ. ಇದನ್ನ ವಿಂಗಡಿಸೋಕೆ ನೀವು ಬೇಕು, ನಿಮ್ಮ ಅಲ್ಗಾರಿದಮ್ ಬೇಕು, ಅದರಲ್ಲಿ ಎರಡು ಮಾತಿಲ್ಲ. ಆದ್ರೆ ಗದ್ದಲದಲ್ಲಿ ಮುಳುಗಿಹೋದ ಕೋಶವನ್ನ ಯಾವ ಮಾಡೆಲ್ ನಿಜವಾಗಿ ವಾಪಸ್ ತರುತ್ತೆ? ಊಹೆ ಮಾಡಬಹುದು. ಊಹೆ ಅಳತೆ ಅಲ್ಲ. ಡೇಟಾ ಮರದಲ್ಲಿ ಬಿಡಲ್ಲ ಗುರು. ಯಾವುದೋ ವಸ್ತು ಯಾವುದೋ ಕೋಶವನ್ನ ಮುಟ್ಟಿದ ಜಾಗದಲ್ಲಿ ಹುಟ್ಟುತ್ತೆ. ಬಿತ್ತಿದ್ದನ್ನೇ ತಾನೇ ಬೆಳೆಯೋದು?

——

ಭಾಗ 5/9 📷

ಈ ಪ್ಲಾಸ್ಟಿಕ್ ಎಲ್ಲಿಂದ ಬಂತು ಅನ್ನೋದನ್ನ ಫೋಟೋ ಆ್ಯಪ್‌ನಲ್ಲಿ ಹೇಳೋದೇ ಸರಿ.

ಪ್ಲಾಸ್ಟಿಕ್ ಅಂದ್ರೆ ವಯರ್ ಮೇಲಿನ ಹೊದಿಕೆ, ವಿದ್ಯುತ್ ತಡೆಯೋದು ಅಂತಲೇ ಎಲ್ಲರೂ ಓದ್ತಿದ್ರು. ಜಪಾನಿನ ಶಿರಾಕಾವಾ ಪ್ರಯೋಗಾಲಯದಲ್ಲಿ ಒಂದು ಸಲ ಕ್ಯಾಟಲಿಸ್ಟ್ ಸುಮಾರು ಸಾವಿರ ಪಟ್ಟು ಜಾಸ್ತಿ ಬಿತ್ತು, ಪುಡಿ ಬದಲು ಬೆಳ್ಳಿ ಬಣ್ಣದ ಹಾಳೆ ಬಂತು. ಅದನ್ನ ಎಸೀಲಿಲ್ಲ. ಶಿರಾಕಾವಾ, ಮ್ಯಾಕ್‌ಡಿಯರ್ಮಿಡ್, ಹೀಗರ್ ಸೇರಿ 1977ರಲ್ಲಿ ಆ ಪಾಲಿಅಸಿಟಿಲಿನ್‌ಗೆ ಹ್ಯಾಲೊಜನ್ ಸೋಕಿಸಿದಾಗ ಅದು ಲೋಹದ ಹತ್ತಿರಕ್ಕೆ ವಿದ್ಯುತ್ ಹರಿಸ್ತು. 2000ದಲ್ಲಿ ಮೂವರಿಗೂ ನೊಬೆಲ್. ಯಾವ ವಿಭಾಗದಲ್ಲಿ? ಕೆಮಿಸ್ಟ್ರಿ.

ಪೆಡಾಟ್ ಬಂದಿದ್ದು 1980ರ ದಶಕದ ಕೊನೆಯಲ್ಲಿ, ಜರ್ಮನಿಯ ಬೇಯರ್ ಕಂಪನಿಯಿಂದ. ಪಿಎಸ್‌ಎಸ್ ಸೇರಿಸಿದ್ಮೇಲೆ ನೀರಿನಲ್ಲಿ ಬೆರೆತು ಇಂಕ್ ಥರ ಆಯ್ತು. ಮೊದಲ ದೊಡ್ಡ ಕೆಲಸ ಏನು ಗೊತ್ತಾ? ಅಗ್ಫಾ ಫೋಟೋ ಫಿಲ್ಮ್ ಮೇಲೆ ಸ್ಥಾಯಿ ವಿದ್ಯುತ್ ಕೂರದ ಹಾಗೆ ತೆಳ್ಳಗೆ ಬಳಿಯೋದು. ನಿಮ್ಮ ಅಪ್ಪ-ಅಮ್ಮನ ಮದುವೆ ಕಾಲದ ಫೋಟೋ ರೀಲ್ ತಂತ್ರಜ್ಞಾನ, ಇವತ್ತು ನ್ಯೂರಾನ್ ಕೆಳಗೆ ಕೂತಿದೆ.

ಯಾವ ‘ಕೆರಿಯರ್ ಗೈಡೆನ್ಸ್’ ಪೋಸ್ಟರ್ ಇದನ್ನ ಮೊದಲೇ ಹೇಳ್ತಿತ್ತು? ಫಿಲ್ಮ್ ಮೇಲೆ ಬಳಿಯೋ ಇಂಕ್ ಮಾಡ್ತಿದ್ದವರಿಗೆ ಆಗಲೂ ಯಾರೋ ಒಬ್ಬ ‘ಇದೆಲ್ಲ ವೇಸ್ಟ್’ ಅಂದಿರ್ತಾನೆ ಬಿಡಿ. ಆ ಜಾತಿ ಎಲ್ಲ ಊರಲ್ಲೂ ಇರುತ್ತೆ.

——

ಭಾಗ 6/9

ಹಿತ್ತಲ ಗಿಡ ಮದ್ದಲ್ಲ ಅಂತಾರಲ್ಲ, ಅದನ್ನ ನಾವು ಜಕ್ಕೂರಿನ ವಿಷಯದಲ್ಲಿ ದಿನಾ ಮಾಡ್ತಿದ್ದೀವಿ.

ಜಕ್ಕೂರಲ್ಲಿ 1989ರಲ್ಲಿ ಶುರುವಾದ ಜವಾಹರಲಾಲ್ ನೆಹರೂ ಉನ್ನತ ವೈಜ್ಞಾನಿಕ ಸಂಶೋಧನಾ ಕೇಂದ್ರ ಇದೆ. ಅಲ್ಲಿ ಕೆ. ಎಸ್. ನಾರಾಯಣ್ ಅವರ ತಂಡ ವರ್ಷಗಳಿಂದ ಇದೇ ಪಾಲಿಮರ್ ಎಲೆಕ್ಟ್ರಾನಿಕ್ಸ್ ಮೇಲೆ ಕೆಲಸ ಮಾಡಿದೆ. 2014ರಲ್ಲಿ ವಿನಿ ಗೌತಮ್, ನಾರಾಯಣ್ ಮತ್ತು ಇಸ್ರೇಲಿನ ಟೆಲ್ ಅವೀವ್ ವಿಶ್ವವಿದ್ಯಾಲಯದ ಯಾಯೆಲ್ ಹನೇನ್ ಅವರ ತಂಡ ಸೇರಿ ‘ಅಡ್ವಾನ್ಸ್ಡ್ ಮೆಟೀರಿಯಲ್ಸ್’ ಪತ್ರಿಕೆಯಲ್ಲಿ ಒಂದು ಪ್ರಯೋಗ ಪ್ರಕಟಿಸಿದ್ರು.

ಕೋಳಿ ಭ್ರೂಣದ ರೆಟಿನಾ ತಗೊಂಡ್ರು. ಬೆಳವಣಿಗೆಯ ಆ ಹಂತದಲ್ಲಿ ಅದಕ್ಕೆ ಬೆಳಕು ಗೊತ್ತಾಗಲ್ಲ, ಆದ್ರೆ ಸಿಗ್ನಲ್ ಕಳಿಸೋ ನ್ಯೂರಾನ್‌ಗಳು ಇರ್ತವೆ. ಅದನ್ನ ಬೆಳಕಿಗೆ ಸ್ಪಂದಿಸೋ ಅರೆವಾಹಕ ಪಾಲಿಮರ್ ಪದರಕ್ಕೆ ತಾಗಿಸಿ, ಬೆಳಕು ಬಿಟ್ಟು, ಎಲೆಕ್ಟ್ರೋಡ್‌ಗಳಲ್ಲಿ ಕೇಳಿದ್ರು. ಸ್ಪೈಕ್ ಬಂತು. ಬೆಳಕನ್ನ ಹಿಡಿದಿದ್ದು ಪ್ಲಾಸ್ಟಿಕ್, ಉತ್ತರ ಕೊಟ್ಟಿದ್ದು ನ್ಯೂರಾನ್.

ಗಮನಿಸಿ, ಇದರಿಂದ ಯಾರಿಗೂ ಕಣ್ಣು ಬಂದಿಲ್ಲ. ತಟ್ಟೆಯಲ್ಲಿ ಆದ ಪ್ರಯೋಗ ಅಷ್ಟೇ. ಇಲ್ಲಿ ಪಾಲಿಮರ್ ಮಾಡಿದ್ದು ಕೇಳೋ ಕೆಲಸ ಅಲ್ಲ, ಮಾತಾಡಿಸೋ ಕೆಲಸ. ಆದ್ರೆ ಗಡಿ ಅದೇ: ಒಂದು ಕಡೆ ಪಾಲಿಮರ್, ಇನ್ನೊಂದು ಕಡೆ ಉಪ್ಪುನೀರು ಮತ್ತು ಜೀವಕೋಶ.

ಕ್ಯಾಲಿಫೋರ್ನಿಯಾದ ಚಿಪ್ ಬಗ್ಗೆ ನೂರು ರೀಲ್ ನೋಡಿದ್ದೀರ. ನಮ್ಮದೇ ಊರಿನ ಉತ್ತರ ತುದಿಯಲ್ಲಿ ಆದ ಇದರ ಬಗ್ಗೆ ಒಂದಾದ್ರೂ ನೋಡಿದ್ರಾ? ಕನ್ನಡದಲ್ಲಿ? ಆ ಸಂಸ್ಥೆಯ ಮೊದಲ ಅಧ್ಯಕ್ಷರು ಸಿ. ಎನ್. ಆರ್. ರಾವ್, ಬೆಂಗಳೂರಲ್ಲೇ ಹುಟ್ಟಿದವರು, ಭಾರತರತ್ನ ಪಡೆದವರು. ಅವರ ಸಬ್ಜೆಕ್ಟ್ ಯಾವುದು ಅಂತ ಮತ್ತೆ ಕೇಳ್ಬೇಕಾ?

——

ಭಾಗ 7/9

‘ಸರಿ, ತಟ್ಟೆಯಲ್ಲಿ ಕೋಶದ ಪಿಸುಮಾತು ಕೇಳಿ ಯಾರಿಗೆ ಏನ್ ಸಿಗುತ್ತೆ?’

ಇದು ಒಳ್ಳೇ ಪ್ರಶ್ನೆ. ಉತ್ತರ ಹೊಸೂರು ರಸ್ತೆಯಲ್ಲಿದೆ. ನಿಮ್ಹಾನ್ಸ್ ಓಪಿಡಿ ಮುಂದೆ ಬೆಳಿಗ್ಗೆ ನಿಂತಿರೋ ಸಾಲು ನೋಡಿರೋರಿಗೆ ಗೊತ್ತು, ಮನೆಯಲ್ಲಿ ಒಬ್ಬರಿಗೆ ಬೈಪೋಲಾರ್ ಅಥವಾ ಸ್ಕಿಜೋಫ್ರೀನಿಯಾ ಅಂದ್ರೆ ಇಡೀ ಮನೆ ಹೇಗೆ ಬದಲಾಗುತ್ತೆ ಅಂತ. ಔಷಧ ಹಿಡಿಸುತ್ತಾ ಇಲ್ವಾ ಅಂತ ತಿಳಿಯೋಕೆ ವಾರಗಳು ಬೇಕು. ಹಿಡಿಸ್ಲಿಲ್ಲ ಅಂದ್ರೆ ಇನ್ನೊಂದು, ಮತ್ತೆ ವಾರಗಳು. ಬದುಕಿರೋ ಮನುಷ್ಯನ ಮಿದುಳನ್ನ ತೆಗೆದು ನೋಡೋಕಾಗಲ್ಲ.

ಆದ್ರೆ ಯಮನಾಕ 2006ರಲ್ಲಿ ಇಲಿಯ, 2007ರಲ್ಲಿ ಮನುಷ್ಯನ ಸಾಮಾನ್ಯ ಕೋಶವನ್ನ ಸ್ಟೆಮ್ ಸೆಲ್ ಆಗಿ ಹಿಂದಕ್ಕೆ ತಿರುಗಿಸಿ ತೋರಿಸಿದ್ರು. ಅದರಿಂದ ನ್ಯೂರಾನ್ ಬೆಳೆಸಬಹುದು. ಬೆಂಗಳೂರಲ್ಲೇ ನಿಮ್ಹಾನ್ಸ್, ಎನ್‌ಸಿಬಿಎಸ್, ಇನ್‌ಸ್ಟೆಮ್ ಮೂರೂ ಸೇರಿ, ಮಾನಸಿಕ ಕಾಯಿಲೆ ಹಲವರಲ್ಲಿ ಕಾಣೋ ಕುಟುಂಬಗಳ ರಕ್ತದ ಮಾದರಿಯಿಂದ ಹೀಗೆ ಕೋಶ ಬೆಳೆಸೋ ದೊಡ್ಡ ಯೋಜನೆ ನಡೆಸಿವೆ.

ಬೆಳೆಸಿ ಏನ್ ಮಾಡ್ತಾರೆ? ಕೇಳ್ತಾರೆ. 2015ರಲ್ಲಿ ಅಮೆರಿಕದ ಸಾಲ್ಕ್ ಸಂಸ್ಥೆಯ ತಂಡ ‘ನೇಚರ್’ ಪತ್ರಿಕೆಯಲ್ಲಿ ಪ್ರಕಟಿಸಿದ್ದು ಇದು: ಬೈಪೋಲಾರ್ ರೋಗಿಗಳಿಂದ ಬೆಳೆಸಿದ ನ್ಯೂರಾನ್‌ಗಳು ಅತಿಯಾಗಿ ಸಿಡೀತಿದ್ವು. ಲಿಥಿಯಂ ಹಾಕಿದಾಗ ಕೆಲವು ಶಾಂತವಾದವು. ಯಾವುವು? ಯಾರಿಗೆ ಲಿಥಿಯಂ ನಿಜಜೀವನದಲ್ಲಿ ಕೆಲಸ ಮಾಡಿತ್ತೋ ಅವರ ಕೋಶಗಳು ಮಾತ್ರ. ಅವರು ಬಳಸಿದ್ದು ಬೇರೆ ಅಳತೆ ವಿಧಾನ, ರೋಗಿಗಳ ಸಂಖ್ಯೆ ಬರೀ ಆರು. ಆದ್ರೂ ದಾರಿ ಕಾಣ್ತಲ್ಲ? ಅದನ್ನ ನೂರಾರು ಜನರ ಕೋಶಗಳ ಮೇಲೆ, ವಾರಗಟ್ಟಲೆ, ಕೋಶ ಸಾಯಿಸದೇ ಮಾಡ್ಬೇಕು ಅಂದ್ರೆ ತಟ್ಟೆಯ ತಳದಲ್ಲಿ ಒಳ್ಳೇ ಕಿವಿ ಬೇಕು.

ಆ ಕಿವಿ ಇನ್ನೂ ಪೂರ್ತಿ ಸರಿಯಾಗಿಲ್ಲ. ಪೆಡಾಟ್ ಪದರ ನೀರು ಕುಡಿದು ಉಬ್ಬುತ್ತೆ. ವಾರಗಳಾದ್ಮೇಲೆ ಲೋಹದಿಂದ ಎದ್ದು ಬರುತ್ತೆ. ಪಿಎಸ್‌ಎಸ್ ಆಮ್ಲೀಯ. ಬಿಗಿಯಾಗಿ ಹಿಡಿಯೋಕೆ ಕ್ರಾಸ್‌ಲಿಂಕರ್ ಹಾಕಿದ್ರೆ ವಿದ್ಯುತ್ ಹರಿವು ಕಮ್ಮಿಯಾಗುತ್ತೆ. ಇದರಲ್ಲಿ ಒಂದೂ ಕೋಡಿಂಗ್ ಸಮಸ್ಯೆ ಅಲ್ಲ. ಎಲ್ಲ ಕೆಮಿಸ್ಟ್ರಿ. ಯಾರೋ ಒಬ್ಬರು ಕೂತು ಬಿಡಿಸ್ಬೇಕು. ಆ ‘ಯಾರೋ ಒಬ್ಬರು’ ಈ ವರ್ಷ ನಿಮ್ಮ ಕ್ಲಾಸಲ್ಲಿ ಕೊನೇ ಬೆಂಚಲ್ಲಿ ಇರಬಹುದು. ನೀವು ಅವಳಿಗೆ ‘ವೇಸ್ಟ್’ ಅಂದ್ರಿ.

——

ಭಾಗ 8/9

ಈಗ ನಿಮ್ಮ ಕಡೆ ವಾದ. ಅದನ್ನ ಹಗುರವಾಗಿ ತಗೊಳ್ಳಲ್ಲ.

‘ಕೆಲಸ ಎಲ್ಲಿದೆ?’ ನಿಜ. ಕ್ಯಾಂಪಸ್ ಪ್ಲೇಸ್‌ಮೆಂಟ್ ಬೋರ್ಡ್‌ನಲ್ಲಿ ಸಾಫ್ಟ್‌ವೇರ್ ಹೆಸರೇ ಜಾಸ್ತಿ. ಅಪ್ಪ ಆಟೋ ಓಡಿಸಿ, ಅಮ್ಮ ಟೈಲರಿಂಗ್ ಮಾಡಿ ಫೀಸ್ ಕಟ್ತಿರೋ ಮನೆಗೆ ‘ಐದು ವರ್ಷ ಪಿಎಚ್‌ಡಿ ಮಾಡ್ತೀನಿ’ ಅಂತ ಹೇಳೋದು ಸುಲಭ ಅಲ್ಲ. ಸಂಬಳದ ಕಾರಣಕ್ಕೆ ಸಿಎಸ್ ತಗೊಂಡ್ರೆ ನಾನು ಒಂದು ಮಾತೂ ಆಡಲ್ಲ. ಅದು ಮರ್ಯಾದೆಯ ಕಾರಣ.

ನನ್ನ ಜಗಳ ಬೇರೆ. ‘ನನಗೆ ಸದ್ಯಕ್ಕೆ ಸಂಬಳ ಬೇಕು’ ಅನ್ನೋದು ನಿಮ್ಮ ಮನೆಯ ಲೆಕ್ಕ. ‘ಆ ಸಬ್ಜೆಕ್ಟೇ ವೇಸ್ಟ್’ ಅನ್ನೋದು ಜಗತ್ತಿನ ಬಗ್ಗೆ ಹೇಳಿದ ಸುಳ್ಳು. ಮೊದಲನೇದನ್ನ ಎರಡನೇದರ ವೇಷ ಹಾಕಿ ಜೂನಿಯರ್‌ಗಳಿಗೆ ಮಾರಬೇಡಿ. ಮಾರುತಿ ಮಂದಿರದಿಂದ ಅತ್ತಿಗುಪ್ಪೆ ತನಕ ನಡೀರಿ, ಕೋಚಿಂಗ್ ಬೋರ್ಡ್‌ಗಳು ರ‍್ಯಾಂಕ್ ಬಗ್ಗೆ ಮಾತ್ರ ಮಾತಾಡ್ತವೆ. ಅವರ ವ್ಯಾಪಾರ ಅದು. ನಿಮ್ಮದೂ ಅದೇನಾ?

‘ಕಾಲೇಜಲ್ಲಿ ಕಲಿಸೋ ಕೆಮಿಸ್ಟ್ರಿ ಬೋರು.’ ಇದೂ ನಿಜ. ಸಾಲ್ಟ್ ಅನಾಲಿಸಿಸ್ ಉತ್ತರ ಮೊದಲೇ ಗೊತ್ತಿರುತ್ತೆ, ರೆಕಾರ್ಡ್ ಬುಕ್ ಹಿಂದಿನ ಬ್ಯಾಚ್‌ನಿಂದ ಇಳಿಯುತ್ತೆ. ಆದ್ರೆ ಅಡುಗೆಮನೆಯಲ್ಲಿ ಉಪ್ಪಿಟ್ಟು ಕೆಟ್ಟಿದ್ರೆ ರವೆಯನ್ನ ಬೈತೀರಾ? ಕಲಿಸೋ ರೀತಿ ಬದಲಾಗ್ಲಿ ಅಂತ ಕೇಳಿ. ಲ್ಯಾಬ್ ಸಂಜೆ ಐದರ ತನಕ ತೆರೆದಿರಲಿ ಅಂತ ಕೇಳಿ. ಸಬ್ಜೆಕ್ಟನ್ನ ಗುಜರಿಗೆ ಹಾಕಬೇಡಿ.

‘ಎಲ್ಲ ಎಐ ಮಾಡುತ್ತೆ.’ ಭಾಗ 4 ಮತ್ತೆ ಓದಿ. ಸಿಗದ ಸಿಗ್ನಲ್ ಮೇಲೆ ಎಐ ಏನೂ ಕಲಿಯಲ್ಲ.

——

ಭಾಗ 9/9

ಕೊನೇ ಜಗಳ, ರೀಲ್ ಮಾಡೋರ ಜೊತೆ.

2022ರಲ್ಲಿ ಮೆಲ್ಬರ್ನ್‌ನ ಕಾರ್ಟಿಕಲ್ ಲ್ಯಾಬ್ಸ್ ತಂಡ ಸುಮಾರು 8 ಲಕ್ಷ ನ್ಯೂರಾನ್‌ಗಳನ್ನ ಎಲೆಕ್ಟ್ರೋಡ್ ಮೇಲೆ ಬೆಳೆಸಿ ಪಾಂಗ್ ಆಟ ಆಡಿಸಿದೆ ಅಂತ ಪ್ರಕಟಿಸ್ತು. ತಕ್ಷಣ ನಮ್ಮ ಫೀಡ್ ತುಂಬ ‘ತಟ್ಟೆಯಲ್ಲಿ ಮಿದುಳು, ಅದಕ್ಕೆ ಪ್ರಜ್ಞೆ ಬಂದಿದೆ’ ಅಂತ ಕಿರುಚಾಟ. ಅದು ಮಿದುಳಲ್ಲ. ಕೋಶಗಳ ಒಂದು ಹಾಸು. ಅದಕ್ಕೆ ಕಣ್ಣಿಲ್ಲ, ಮೈಯಿಲ್ಲ, ನೋವಿನ ದಾರಿಯಿಲ್ಲ. ಮನುಷ್ಯನ ಮಿದುಳಲ್ಲಿ ಸುಮಾರು 8,600 ಕೋಟಿ ನ್ಯೂರಾನ್. ಲೆಕ್ಕ ಹಾಕಿ, ಲಕ್ಷ ಪಟ್ಟು ವ್ಯತ್ಯಾಸ.

ಉತ್ಪ್ರೇಕ್ಷೆ ಮಾಡೋರಿಂದ ನಷ್ಟ ಯಾರಿಗೆ ಗೊತ್ತಾ? ಲಕ್ವ ಹೊಡೆದ ಅಜ್ಜನ ಮನೆಗೆ ಆ ರೀಲ್ ಫಾರ್ವರ್ಡ್ ಆಗುತ್ತೆ. ‘ಮುಂದಿನ ವರ್ಷ ಚಿಪ್ ಹಾಕ್ತಾರಂತೆ’ ಅಂತ ಅವರು ಕಾಯ್ತಾರೆ. ಬರಲ್ಲ. ಆಗ ಅವರು ವಿಜ್ಞಾನವನ್ನೇ ನಂಬೋದು ಬಿಡ್ತಾರೆ. ‘ಕೆಮಿಸ್ಟ್ರಿ ವೇಸ್ಟ್’ ಅನ್ನೋರೂ ‘ತಟ್ಟೆಗೆ ಪ್ರಜ್ಞೆ ಬಂತು’ ಅನ್ನೋರೂ ಒಂದೇ ತಪ್ಪು ಮಾಡ್ತಿದ್ದಾರೆ. ನಡುವೆ ಇರೋ ಕೆಲಸವನ್ನ ಇಬ್ಬರೂ ನೋಡ್ತಿಲ್ಲ. ಒಬ್ಬರಿಗೆ ಫಲ ಮಾತ್ರ ಬೇಕು, ಇನ್ನೊಬ್ಬರಿಗೆ ಬೇರು ಬೇಡ.

ಹಾಗಾಗಿ ನಿಮ್ಮಿಂದ ನನಗೆ ಮೂರು ಬೇಕು.

ಒಂದು: ಯಾವುದೇ ಬ್ರೈನ್ ಚಿಪ್ ರೀಲ್ ಬಂದ್ರೆ ಕಾಮೆಂಟಲ್ಲಿ ಕೇಳಿ, ‘ಎಲೆಕ್ಟ್ರೋಡ್ ಯಾವ ವಸ್ತು? ಎಷ್ಟು ದಿನ ಬಾಳಿಕೆ ಬಂತು? ತಟ್ಟೆಯಲ್ಲಾ, ಇಲಿಯಲ್ಲಾ, ಮನುಷ್ಯರಲ್ಲಾ?’ ಉತ್ತರ ಇಲ್ದಿದ್ರೆ ಶೇರ್ ಮಾಡಬೇಡಿ.

ಎರಡು: ಐಐಎಸ್‌ಸಿ ಓಪನ್ ಡೇ ಬಂದಾಗ ರೋಬೋ ನಾಯಿ ಮುಂದೆ ಸೆಲ್ಫಿ ತಗೊಂಡು ವಾಪಸ್ ಬರಬೇಡಿ. ಮೆಟೀರಿಯಲ್ಸ್ ಲ್ಯಾಬ್‌ಗೆ, ನ್ಯಾನೋ ಕೇಂದ್ರಕ್ಕೆ ಹೋಗಿ, ಪಿಎಚ್‌ಡಿ ಮಾಡ್ತಿರೋರನ್ನ ಮಾತಾಡಿಸಿ. ವಿಜಯನಗರದಿಂದ ಪರ್ಪಲ್ ಲೈನ್, ಮೆಜೆಸ್ಟಿಕ್‌ನಲ್ಲಿ ಗ್ರೀನ್ ಲೈನ್, ಯಶವಂತಪುರದ ಕಡೆ. ದೂರ ಏನಿಲ್ಲ.

ಮೂರು: ಆಪ್ಷನ್ ಎಂಟ್ರಿ ಟೈಮಲ್ಲಿ ಜೂನಿಯರ್ ‘ನನಗೆ ಕೆಮಿಸ್ಟ್ರಿ ಇಷ್ಟ’ ಅಂತ ಮೆಸೇಜ್ ಮಾಡಿದ್ರೆ, ‘ವೇಸ್ಟ್’ ಅಂತ ಟೈಪ್ ಮಾಡೋ ಮುಂಚೆ ಭಾಗ 7 ಕಳಿಸಿ. ಅವಳು ಓದಿ ತಾನೇ ತೀರ್ಮಾನ ಮಾಡ್ಲಿ.

ಲೆಕ್ಕದಲ್ಲಿ ತಪ್ಪು ಕಂಡ್ರೆ ಭಾಗ 4ರ ಕೆಳಗೆ ಬರೀರಿ, ಜಗಳಕ್ಕೆ ಇಲ್ಲಿ ಬನ್ನಿ. ಮುಂದಿನ ಸರಣಿ: ಬ್ಯಾಟರಿ ಒಳಗೆ ಏನಿದೆ.

#ಕೆಮಿಸ್ಟ್ರಿವೇಸ್ಟಲ್ಲ #ಕನ್ನಡದಲ್ಲಿವಿಜ್ಞಾನ #ಪೆಡಾಟ್ #ನ್ಯೂರಾನ್ #ಜಕ್ಕೂರು #ವಿಜಯನಗರ #ಸಿಇಟಿಹುಡುಗ್ರು